ಗುಡಿ ಸೇರದ ಅಂಚೆಚೀಟಿ

“ಕೇಳಿರಯ್ಯಾ ಕೇಳಿ. ಹೊಂಬೆಟ್ಟದ ದೊರೆ ವೀರರಸರ ಅಪ್ಪಣೆ. ರಾಜಕುಮಾರಿ ಪದ್ಮಾಂಬೆಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಅದು ಬೇಡವೆಂದರೆ ಕೇಳಿದ್ದು ಕೊಡುವುದು. ಒಂದು ತಪ್ಪಿದರೂ ತಲೆ ತೆಗೆಯುವುದು.”

ತಲೆ ತೆಗೆಯುವುದನ್ನು ಸಂತೆಯಲ್ಲಿ ಬದನೆಕಾಯಿ ಕೂಗಿದಷ್ಟು ಸಲೀಸಾಗಿ ಕೂಗಿಸುವ ಅರಮನೆ ಅದು. ಒಗಟಿನ ಹುಚ್ಚಿಗಿಂತ ಪದ್ಮಾಂಬೆಗೆ ಅಂಚೆಚೀಟಿಯ ಹುಚ್ಚು ದೊಡ್ಡದು. ಹೊಂಬೆಟ್ಟದ ಚೀಟಿಗಳನ್ನು ಉಕ್ಕಿನ ತಗಡಿನಲ್ಲಿ ಕೂದಲೆಳೆಯಂಥ ಗೆರೆ ಕೊರೆದು ಅಚ್ಚು ಹಾಕುತ್ತಿದ್ದರು. ಒಂದೊಂದರ ಮೇಲೂ ನಾಡಿನ ಒಂದೊಂದು ಶಿಲ್ಪ. ಎಲ್ಲಕ್ಕಿಂತ ಚೆಂದದ್ದು ಕನ್ನಡಿ ಹಿಡಿದ ಕಲ್ಲಿನ ಹೆಂಗಸು. ಮೂಲ ಶಿಲ್ಪ ಊರ ದೊಡ್ಡ ಗುಡಿಯ ಒಳಗಿತ್ತು.

ಆ ಗುಡಿಗೆ ಅಂಚೆ ಚೀಲ ಹೊರುತ್ತಿದ್ದವನು ಮುನಿಗ. ಗುಡಿಗೆ ಬರುವ ಕಾಗದಗಳಲ್ಲಿ ಚೀಟಿಯೇ ಇರುವುದಿಲ್ಲ, ಮುನಿಗ ಕಿತ್ತು ಮಾರುತ್ತಾನೆ ಎಂದು ಅವನನ್ನು ಸೆರೆಗೆ ಹಾಕಿದ್ದರು. ಮರುದಿನ ಅವನ ಬಲಗೈ ಕಡಿಯಬೇಕೆಂದು ತೀರ್ಪಾಗಿತ್ತು. ಅವನ ಮಗ ದ್ಯಾವ ಡಂಗುರ ಕೇಳಿ ಅರಮನೆಗೆ ನಡೆದ. ಮದುವೆಗಲ್ಲ, ಅಪ್ಪನ ಕೈ ಉಳಿಸಿಕೊಳ್ಳಲು.

ಓಲಗದಲ್ಲಿ ನೆರೆರಾಜ್ಯದ ಯುವರಾಜ ಕೀರ್ತಿದೇವ ಮುಂದೆ ನಿಂತಿದ್ದ. ಪದ್ಮಾಂಬೆ ಕೇಳಿದಳು: “ಹುಟ್ಟುವಾಗ ಎಡಗೈಯಲ್ಲಿ ಕನ್ನಡಿ ಹಿಡಿದಿದ್ದಳು. ಲೋಕಕ್ಕೆ ಬಂದಾಗ ಅದು ಬಲಗೈಯಲ್ಲಿತ್ತು. ಅವಳು ಕೈ ಬದಲಿಸಿಲ್ಲ. ಎಲ್ಲಿ ಹುಟ್ಟಿದಳು?”

“ಇದೇನು ಮಹಾ. ಕನ್ನಡಿಯೊಳಗೇ ಹುಟ್ಟಿದಳು.”

“ತಪ್ಪು.”

ಭಟರು ಅವನ ಕೈ ಕಟ್ಟಿದರು. ಆಸ್ಥಾನ ಪಂಡಿತರ ಮಗ ಗುಂಡಾಜೋಯಿಸ ಗಂಟಲು ಸರಿಮಾಡಿಕೊಂಡು ಮೂರು ಶ್ಲೋಕ ಹೇಳಿ, “ಬ್ರಹ್ಮನ ಎಡ ಅಂಗೈಯಲ್ಲಿ” ಎಂದ.

“ತಪ್ಪು. ಶ್ಲೋಕ ಚೆನ್ನಾಗಿತ್ತು.”

ಅವನನ್ನೂ ಕಟ್ಟಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಅಂಗಳದ ಕೊನೆಯಿಂದ ಒಂದು ದನಿ ಬಂತು: “ಉಕ್ಕಿನ ತಗಡಿನಲ್ಲಿ ಹುಟ್ಟಿದಳು, ತಾಯಿ.”

ಎಲ್ಲರೂ ತಿರುಗಿದರು. ಕಂಬಳಿ ಹೊದ್ದ ದ್ಯಾವ, ಬಗಲಲ್ಲಿ ಒಂದು ಸೋರೆ ಬುರುಡೆ.

“ಅಚ್ಚಿನ ಮನೆ ನೋಡಿದ್ದೀಯಾ?” ಎಂದಳು ಪದ್ಮಾಂಬೆ.

“ಅದರ ಬಾಗಿಲೂ ನೋಡಿಲ್ಲ. ಒದ್ದೆ ಚೀಟಿ ಅಂಗೈಗೆ ಒತ್ತಿದೆ. ಕೈಮೇಲೆ ಮೂಡಿದಾಗ ಅವಳ ಕನ್ನಡಿ ಇನ್ನೊಂದು ಕೈಗೆ ಹೋಗಿತ್ತು. ಅಚ್ಚು ಯಾವಾಗಲೂ ತಿರುಗಿ ಬೀಳುತ್ತೆ. ಹಾಗಾದರೆ ತಗಡಿನಲ್ಲಿ ತಿರುಗಿಸಿಯೇ ಕೊರೆದಿರಬೇಕು.”

“ಒದ್ದೆ ಚೀಟಿ ನಿನಗೆಲ್ಲಿಂದ ಬಂತೋ?” ಗುಡಿಯ ಧರ್ಮಾಧಿಕಾರಿ ಎದ್ದು ನಿಂತ.

“ಕೂತುಕೊಳ್ಳಿ ಸ್ವಾಮಿ, ಒಗಟು ನನ್ನದು,” ಎಂದಳು ಪದ್ಮಾಂಬೆ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ಎರಡನೆಯದು. ಮುಖಕ್ಕೆ ಮಸಿ ಬೀಳದಿದ್ದರೆ ಅದು ಎಲ್ಲಿಗೂ ಹೋಗಿಲ್ಲ. ಮಸಿ ಬಿದ್ದ ಮೇಲೆ ಮತ್ತೆ ಹೋಗುವಂತಿಲ್ಲ. ಯಾವುದು?”

“ಅದೇ ಚೀಟಿ. ಅಂಚೆಮನೆಯವರು ಮುದ್ರೆ ಹೊಡೆದರೇ ಅದು ಪ್ರಯಾಣ ಮಾಡಿದ ಗುರುತು. ಒಂದು ಸಲ ಹೊಡೆದರೆ ಅದರ ಕೆಲಸ ಮುಗೀತು.”

ಅಂಗಳದಲ್ಲಿ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಪದ್ಮಾಂಬೆ ದನಿ ತಗ್ಗಿಸಿದಳು. “ಮೂರನೆಯದು. ಅವಳು ನಮ್ಮ ಸಂಸ್ಥಾನದ ಊರೂರು ಸುತ್ತಿದಳು. ತನ್ನ ಮನೆಯನ್ನು ಮಾತ್ರ ಒಂದು ಸಲವೂ ಸೇರಲಿಲ್ಲ. ಯಾಕೆ?”

“ಕಳ್ಳ ಕಿತ್ತುಕೊಂಡ, ಅದಕ್ಕೆ,” ಎಂದ ದೊರೆ. “ತೀರ್ಪಾಗಿದೆಯಲ್ಲ ಮಗಳೇ.”

“ನಾನು ಕೇಳಿದ್ದು ಇವನನ್ನು, ಅಪ್ಪಾಜಿ.”

ಉತ್ತರ ದ್ಯಾವನ ಬಗಲಲ್ಲೇ ಇತ್ತು. ತೋರಿಸಿದರೆ ಕಳ್ಳನಾಗುತ್ತಾನೆ, ತೋರಿಸದಿದ್ದರೆ ಅಪ್ಪನ ಕೈ ಹೋಗುತ್ತದೆ. ಅವನು ಬುರುಡೆ ಬೋರಲು ಹಾಕಿದ. ನೂರಾರು ಚೀಟಿ ನೆಲಕ್ಕೆ ಸುರಿದವು. ಎಲ್ಲದರಲ್ಲೂ ಅದೇ ಕಲ್ಲಿನ ಹೆಂಗಸು, ಒಂದೊಂದರ ಮೇಲೂ ಒಂದೊಂದು ಊರಿನ ಮುದ್ರೆ.

“ಮಾಲು ಸಮೇತ ಸಿಕ್ಕಿಬಿದ್ದ,” ಎಂದ ಧರ್ಮಾಧಿಕಾರಿ. ಭಟನ ಕತ್ತಿ ಒರೆಯಿಂದ ಹೊರಬಂತು.

ದ್ಯಾವ ಅಂದ, “ಉತ್ತರ ಇನ್ನೂ ಹೇಳಿಲ್ಲ. ಒಂದು ಅಂಚೆ ಚೀಲ ತರಿಸಿ, ಒಂದು ಚೊಂಬು ನೀರು ತರಿಸಿ. ಗುಡಿಬಾಗಿಲಲ್ಲಿ ನಮ್ಮಪ್ಪನ ಚೀಲಕ್ಕೆ ದಿನಾ ಮಾಡುವುದನ್ನು ಸ್ವಾಮಿಗಳು ಇಲ್ಲಿ ಮಾಡಲಿ.”

“ಮಡಿಗೆ ನಾಲ್ಕು ಹನಿ ಚಿಮುಕಿಸ್ತೇವೆ. ಅಷ್ಟೇ,” ಎಂದ ಧರ್ಮಾಧಿಕಾರಿ. ಚೊಂಬು ಕೈಗೆ ಕೊಟ್ಟಾಗ ತುಳಸಿಗೆ ನೀರು ಬಿಟ್ಟಷ್ಟು ನಾಜೂಕಾಗಿ ಬೆರಳು ಅದ್ದಿದ.

ದ್ಯಾವ ಚೀಲವನ್ನು ತಲೆಮೇಲೆ ಹೊತ್ತು ತಂದು ಅವನ ಕಾಲಬುಡದಲ್ಲಿಟ್ಟ. ಕಂಬಳಿಯ ಅಂಚು ಮಡಿಪಂಚೆಗೆ ತಗಲಿತು. ಧರ್ಮಾಧಿಕಾರಿ ಹೌಹಾರಿ ಹಿಂದೆ ಹಾರಿ, ಇಡೀ ಚೊಂಬನ್ನು ಚೀಲದ ಮೇಲೆ ಬಗ್ಗಿಸಿಬಿಟ್ಟ. ಎಷ್ಟು ವರ್ಷದ ರೂಢಿಯೋ, ಕೈ ತಾನಾಗಿಯೇ ಬಗ್ಗಿತು.

ಪದ್ಮಾಂಬೆಯೇ ಚೀಲ ಬಿಚ್ಚಿ ಒಂದು ಕಾಗದ ಎತ್ತಿದಳು. ಚೀಟಿ ಜಾರಿ ನೆಲಕ್ಕೆ ಬಿತ್ತು.

“ನೋಡಿದಿರಲ್ಲ,” ಎಂದ ದ್ಯಾವ. “ಕಾಗದ ಒಳಗೆ ಹೋಗ್ತದೆ. ಅವಳು ನಮ್ಮ ಜೊತೆ ಹೊರಗೇ ಉಳೀತಾಳೆ. ನಾವು ಹೊತ್ತು ತಂದೆವು ಅಂತ ಅವಳೂ ಮೈಲಿಗೆ. ಬಿದ್ದದ್ದನ್ನು ಆಯ್ದು ಒಣಗಿಸಿ ಇಟ್ಟುಕೊಂಡೆ. ಒಂದನ್ನೂ ಮಾರಿಲ್ಲ. ಗುಡಿಯೊಳಗೆ ನನ್ನನ್ನು ಬಿಡೋದಿಲ್ಲ. ಅವಳನ್ನು ನೋಡೋಕೆ ಬೇರೆ ದಾರಿ ಇರಲಿಲ್ಲ.”

ಪದ್ಮಾಂಬೆ ಬಿದ್ದ ಚೀಟಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. “ಅಪ್ಪಾಜಿ, ಮೂರನೆಯದರ ಉತ್ತರ ನನಗೂ ಗೊತ್ತಿರಲಿಲ್ಲ. ಈ ಲೆಕ್ಕಕ್ಕೆ ಮೊದಲು ಹೋಗಬೇಕಾದ್ದು ನನ್ನ ತಲೆ. ಕಟ್ಟಿದವರನ್ನು ಬಿಚ್ಚಿಸಿ.” ಆಮೇಲೆ ದ್ಯಾವನ ಕಡೆ ತಿರುಗಿದಳು. “ಮದುವೆಯೋ, ಬೇರೆ ಏನಾದರೂ ಬೇಕೋ?”

“ತಲೆ ಕಡಿಯೋ ಮನೆಗೆ ಅಳಿಯನಾಗೋ ಧೈರ್ಯ ನನಗಿಲ್ಲ ತಾಯಿ.”

ಅವಳು ನಕ್ಕಳು. ದೊರೆ ನಗಲಿಲ್ಲ.

“ಹಾಗಾದರೆ ನಿಮ್ಮಪ್ಪನ ಬಿಡುಗಡೆ ತಗೋ,” ಎಂದ ದೊರೆ.

“ಅವನು ಕದ್ದೇ ಇಲ್ಲ. ಬಿಡಲೇಬೇಕು, ಅದನ್ನು ಬಹುಮಾನ ಅನ್ನಬೇಡಿ. ನಾನು ಕೇಳೋದು ಬೇರೆ. ನಾಳೆಯಿಂದ ಚೀಲ ಹೊತ್ತವರೇ ಗುಡಿಯೊಳಗೆ ಹೋಗಬೇಕು. ಕಾಗದ ಕೈಯಿಂದ ಕೈಗೆ ಕೊಡಬೇಕು.”

ಕೊಟ್ಟ ಮಾತು ಡಂಗುರ ಹೊಡೆಸಿ ಆಗಿತ್ತು, ನುಂಗುವಂತಿರಲಿಲ್ಲ. ದೊರೆ ತಲೆಯಾಡಿಸಿದ.

ಮರುದಿನ ಮುನಿಗ ಮಗನ ಜೊತೆ ಗುಡಿಯೊಳಗೆ ಹೋಗಿ, ಕಡಿಯಬೇಕೆಂದಿದ್ದ ಆ ಬಲಗೈಯಲ್ಲೇ ಕಾಗದ ನೀಡಿದ. ಧರ್ಮಾಧಿಕಾರಿಯ ಕೈ ರೂಢಿಯಂತೆ ಚೊಂಬು ಹುಡುಕಿತು, ಆಮೇಲೆ ಮುಂದೆ ಬಂತು. ಊರಿನ ಅರ್ಧ ಜನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಮುನಿಗ ಅವರತ್ತ ತಿರುಗಲಿಲ್ಲ. ಕತ್ತೆತ್ತಿ ಕಲ್ಲಿನ ಹೆಂಗಸನ್ನು ಅಡಿಯಿಂದ ಮುಡಿವರೆಗೆ ನೋಡಿದ.

“ಲೋ ದ್ಯಾವ,” ಎಂದ, “ಇಷ್ಟು ಎತ್ತರದವಳನ್ನೇನೋ ನಾನು ಇಷ್ಟು ವರ್ಷ ತಲೆಮೇಲೆ ಹೊತ್ತದ್ದು?”