ಒಳಗಿನಿಂದ ತೆರೆಯುವ ಬಾಗಿಲು

"ಗುರುಗಳೇ, ಕೋಟೆ ಕಾದವನಿಗೆ ಈಗ ಬಾಗಿಲು ಕಾಯುವ ಕೆಲಸವೇ?"

ಕೇಳಿದ ಶಿಷ್ಯ ಮಠಕ್ಕೆ ಬರುವ ಮೊದಲು ಸೈನ್ಯದಲ್ಲಿದ್ದವನು. ಹಿರಿಯರು ಕೂತು ಮಾತಾಡುವ ಕೋಣೆಯ ಹೊರಗೆ ನಿಲ್ಲು ಎಂದು ಗುರು ಅವನಿಗೆ ಆ ಬೆಳಿಗ್ಗೆ ಹೇಳಿದ್ದರು. ಈಗ ಅವನನ್ನು ಕೂರಿಸಿ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ದಳವಾಯಿ ಇದ್ದ. ಕಾಲಾಳಾಗಿ ಸೇರಿ ಆ ಪದವಿಗೆ ಏರಿದವನು. ಅವನು ಮುತ್ತಿಗೆ ಹಾಕಿದ ಯಾವ ಕೋಟೆಯ ಬಾಗಿಲೂ ಉಳಿಯಲಿಲ್ಲ. ದೊರೆಯ ಮಾತನ್ನು ಅವನು ಒಮ್ಮೆಯೂ ಮೀರಲಿಲ್ಲ. ಕೊನೆಯ ಯುದ್ಧದಲ್ಲಿ ಮಂಡಿಗೆ ಪೆಟ್ಟು ಬಿತ್ತು. ಕುದುರೆ ಹತ್ತುವುದು ನಿಂತಿತು.

ಆ ರಾಜ್ಯದಲ್ಲಿ ಪ್ರಜೆಗಳ ಸಭೆಯೊಂದಿತ್ತು. ತೆರಿಗೆ ಹಾಕಲು, ಯುದ್ಧ ಸಾರಲು ದೊರೆಗೆ ಅದರ ಒಪ್ಪಿಗೆ ಬೇಕು. ಸಭೆ ನಡೆಯುವಾಗ ಬಾಗಿಲು ಮುಚ್ಚಿರುತ್ತಿತ್ತು. ದೊರೆಯ ಕಡೆಯವನೊಬ್ಬ ಕರಿಮರದ ಕೋಲು ಹಿಡಿದು ಹೊರಗೆ ನಿಲ್ಲಬೇಕು. ದೊರೆಯ ಮಾತೇನಾದರೂ ಇದ್ದರೆ ಕೋಲಿನಿಂದ ಬಾಗಿಲು ತಟ್ಟಿ ಕಾಯಬೇಕು. ಒಳಗಿನವರು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೊರೆ ಆ ಕೋಲನ್ನು ದಳವಾಯಿಗೆ ಕೊಟ್ಟ. "ದುಡಿದದ್ದು ಸಾಕು. ಒಳಗಿನವರು ತೆರೆಯದೆ ಯಾರನ್ನೂ ಬಿಡಬೇಡ. ಅಷ್ಟೇ ಕೆಲಸ" ಎಂದ. ಬಾಗಿಲಲ್ಲಿ ತನ್ನವನೊಬ್ಬ ಇರಲಿ ಎಂಬುದು ಅವನ ಲೆಕ್ಕಾಚಾರ.

ಮೊದಲ ದಿನ ದಳವಾಯಿ ತನಗೆ ಗೊತ್ತಿದ್ದ ಹಾಗೆ ಬಾಗಿಲು ತಟ್ಟಿದ. ಹಲಗೆ ಸೀಳು ಬಿಟ್ಟಿತು. ಒಳಗೆ ನಗು. ಸಭೆಯ ಹಿರಿಯ ಒಬ್ಬ ನೇಕಾರ. ಅವನೇ ಬಂದು ಬಾಗಿಲು ತೆರೆದ.

"ದಳವಾಯಿಗಳೇ, ನಾವು ಶರಣಾಗಿದ್ದೇವೆ. ಆನೆಗಳನ್ನು ವಾಪಸು ಕಳಿಸಿ."

ದಳವಾಯಿಯ ಮುಖ ಬಿಸಿಯಾಯಿತು. ಮರುದಿನ ಮೆಲ್ಲಗೆ ತಟ್ಟಿದ. ತಟ್ಟುವುದು ಬೇಗ ಬಂತು. ಕಾಯುವುದು ಬರಲಿಲ್ಲ. ಮುತ್ತಿಗೆಯಲ್ಲಿ ಎಷ್ಟೋ ಕಾದಿದ್ದ, ಆದರೆ ಅಲ್ಲಿ ಕೊನೆಗೆ ಒಡೆಯುವುದಿತ್ತು. ಇಲ್ಲಿ ಅದಿಲ್ಲ.

ಕಾಯುತ್ತಾ ನಿಂತವನಿಗೆ ಆ ಸೀಳಿನಿಂದ ಒಳಗಿನ ಮಾತು ಕೇಳುತ್ತಿತ್ತು. ಅವರು ಬೈದಾಡುತ್ತಿದ್ದರು. ಆಮೇಲೆ ಒಂದೇ ಗಡಿಗೆಯ ಮಜ್ಜಿಗೆ ಕುಡಿದು ಮತ್ತೆ ಶುರು ಮಾಡುತ್ತಿದ್ದರು. ತಾನು ಹೋಗಿಬಂದ ಒಂದೊಂದು ಯುದ್ಧಕ್ಕೂ ಇಷ್ಟು ಜನ ಹೀಗೆ ಜಗಳವಾಡಿದ್ದರು ಎಂಬುದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ದೊರೆಯ ಕಣ್ಣು ಪಕ್ಕದ ರಾಜ್ಯದ ಮೇಲೆ ಬಿತ್ತು. ಯುದ್ಧ ಬೇಡ ಎಂದು ಸಭೆಯಲ್ಲಿ ಒಬ್ಬ ಗಾಣಿಗ ಎದ್ದು ಹೇಳಿದ. ಸುದ್ದಿ ಅರಮನೆಗೆ ಹೋಯಿತು. ಅವನನ್ನು ಎಳೆದು ತಾ ಎಂದು ದಳವಾಯಿಗೆ ಅಪ್ಪಣೆಯಾಯಿತು.

ದಳವಾಯಿ ಬಾಗಿಲು ತಟ್ಟಿದ. ಮಾತು ಮುಗಿದಿಲ್ಲ ಎಂದರು ಒಳಗಿನವರು. ಅವನು ಕಾದ.

ದೊರೆಗೆ ತಡೆಯಲಾಗಲಿಲ್ಲ. ಸೈನಿಕರೊಂದಿಗೆ ತಾನೇ ಬಂದ.

"ಅಷ್ಟು ಕೋಟೆ ಒಡೆದವನಿಗೆ ಈ ಹಲಗೆಗೆ ಇಷ್ಟು ಹೊತ್ತು ಬೇಕೇ?"

"ಇದು ಒಳಗಿನಿಂದ ತೆರೆಯುವ ಬಾಗಿಲು, ಮಹಾಸ್ವಾಮಿ."

"ನಾನು ಆಜ್ಞೆ ಮಾಡುತ್ತಿದ್ದೇನೆ."

"ಕೋಲು ಕೊಟ್ಟಾಗಲೂ ಮಾಡಿದ್ದಿರಿ. ಯಾರನ್ನೂ ಬಿಡಬೇಡ ಎಂದಿರಿ. 'ನನ್ನ ಹೊರತು' ಎನ್ನಲಿಲ್ಲ."

ದೊರೆ ಸೈನಿಕರ ನಾಯಕನಿಗೆ ಕಣ್ಸನ್ನೆ ಮಾಡಿದ. ಅವನು ದಳವಾಯಿಯ ಕೈಕೆಳಗೆ ಬೆಳೆದವನು. ತಲೆ ತಗ್ಗಿಸಿಕೊಂಡೇ ಹತ್ತಿರ ಬಂದ.

"ಪಕ್ಕಕ್ಕೆ ಸರಿಯಿರಿ, ದಳವಾಯಿಗಳೇ. ನಿಮ್ಮ ಮಂಡಿ ಬೇರೆ ಸರಿಯಿಲ್ಲ."

"ಸರಿಯಿಲ್ಲ. ಅದಕ್ಕೇ ಸರಿಯಲಾಗುವುದಿಲ್ಲ. ನೂಕು ಬಾ. ನೂಕುವುದನ್ನು ಕಲಿಸಿದವನು ನಾನೇ."

ದಳವಾಯಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಜೀವಮಾನದಲ್ಲಿ ಒಮ್ಮೆಯೂ ದೊರೆಗೆ ಎದುರು ನಿಂತವನಲ್ಲ. ಕೋಲನ್ನು ನೆಲಕ್ಕೆ ಊರಿದ. ನಾಯಕ ಅವನ ಮುಖ ನೋಡಿದ, ದೊರೆಯ ಮುಖ ನೋಡಿದ. ಮುಂದೆ ಬರಲಿಲ್ಲ. ಹಿಂದಿದ್ದ ಸೈನಿಕರೂ ಕದಲಲಿಲ್ಲ.

ದೊರೆಗೆ ಕಾಯದೆ ಬೇರೆ ದಾರಿ ಉಳಿಯಲಿಲ್ಲ. ಬಿಸಿಲು ಇಳಿಯಿತು. ಆಮೇಲೆ ಬಾಗಿಲು ತೆರೆಯಿತು. ನೇಕಾರ ಹೊಸ್ತಿಲಲ್ಲಿ ನಿಂತು, "ಯುದ್ಧ ಬೇಡ ಎಂದು ತೀರ್ಮಾನವಾಯಿತು. ದೊರೆಗಳು ಈಗ ಒಳಗೆ ಬರಬಹುದು" ಎಂದ. ಅವನ ಹಿಂದೆ ಸಭೆಯೆಲ್ಲ ಎದ್ದು ನಿಂತಿತ್ತು. ಗಾಣಿಗ ನಡುವೆ ಇದ್ದ. ದೊರೆ ಒಳಗೆ ಕಾಲಿಡಲಿಲ್ಲ. ಹಿಂದಿರುಗಿ ಹೋದ.

ಮರುದಿನ ದಳವಾಯಿಯ ಉಂಬಳಿ ಹೋಯಿತು. ಮನೆ ಹೋಯಿತು. ಕೋಲನ್ನೂ ಕಿತ್ತುಕೊಳ್ಳಬೇಕೆಂದು ದೊರೆಗಿತ್ತು. ಆದರೆ ಒಮ್ಮೆ ಕೊಟ್ಟ ಕೋಲನ್ನು ಹಿಂಪಡೆಯಲೂ ಸಭೆಯ ಒಪ್ಪಿಗೆ ಬೇಕಾಗಿತ್ತು. ದಳವಾಯಿ ಎಂದಿನ ಹೊತ್ತಿಗೆ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತ.

ಗುರು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಅಂಥವನು ಭುಜ ಕೊಟ್ಟಿದ್ದರೆ ಆ ಬಾಗಿಲು ಒಂದೇ ಏಟಿಗೆ ಬೀಳುತ್ತಿತ್ತು."

"ಬೀಳಿಸಬಲ್ಲವನನ್ನೇ ಅಲ್ಲಿ ನಿಲ್ಲಿಸಬೇಕು."