ಮೊದಲ ಹೊರೆ

“ಗುರುಗಳೇ, ಖಾಲಿ ಭಟ್ಟಿಗೆ ಸೌದೆ ಸುರಿಯುವುದು ದಂಡವಲ್ಲವೇ?” ಎಂದು ಶಿಷ್ಯನು ಕೇಳಿದನು.

ಆಶ್ರಮದಲ್ಲಿ ಅಂದು ರೊಟ್ಟಿ ಸುಡುವ ಸರದಿ ಅವನದಾಗಿತ್ತು. ಭಟ್ಟಿ ಕಾಯುವುದಕ್ಕೇ ಅರ್ಧ ಬೆಳಗು ಹೋಗಿತ್ತು. ಅವನು ಕಡಿದು ತಂದ ಸೌದೆಯೂ ಹೋಗಿತ್ತು.

“ಒಳಗೆ ಏನೂ ಇಲ್ಲದಾಗ ಉರಿ ಹಾಕುವುದೇಕೆ? ರೊಟ್ಟಿ ಇಟ್ಟೇ ಬೆಂಕಿ ಹೊತ್ತಿಸಿದರೆ ಆಗದೇ? ಇಲ್ಲವೇ, ಕಾಯಿಸುವ ಕೆಲಸವನ್ನು ನನಗಿಂತ ಮೊದಲು ಬೇರೆ ಯಾರಾದರೂ ಮಾಡಿಟ್ಟರೆ ಆಗದೇ?”

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು:

ಕಡಲಂಚಿನಲ್ಲಿ ಉಪ್ಪು ತೆಗೆಯುವವರ ಒಂದು ಕೇರಿ ಇತ್ತು. ಉಪ್ಪುನೆಲದಲ್ಲಿ ಮರ ಬೆಳೆಯುವುದಿಲ್ಲ. ಸೌದೆ ಬೇಕಾದರೆ ಅಳಿವೆ ದಾಟಿ ಗುಡ್ಡ ಹತ್ತಬೇಕು, ಹೊರೆ ಹೊತ್ತು ಇಳಿಯಬೇಕು. ಹಾಗಾಗಿ ಹಿಂದಿನವರು ಇಡೀ ಕೇರಿಗೆ ಒಂದೇ ಭಟ್ಟಿಯನ್ನು ಇಟ್ಟಿಗೆಯಿಂದ ಕಟ್ಟಿದ್ದರು. ವಾರಕ್ಕೊಮ್ಮೆ ಎಲ್ಲರೂ ಅದರಲ್ಲಿ ಹಿಟ್ಟು ಉಬ್ಬಿಸಿ ಮಾಡುವ ದಪ್ಪ ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು.

ತಣ್ಣನೆಯ ಭಟ್ಟಿಯಲ್ಲಿ ರೊಟ್ಟಿ ಇಟ್ಟು ಬೆಂಕಿ ಹಾಕಿದರೆ ತಳ ಸೀಯುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ಅದರೊಳಗೆ ಒಂದು ಹೊರೆ ಸೌದೆ ಉರಿಸಬೇಕು. ಮೇಲಿನ ಇಟ್ಟಿಗೆಗೆ ಹಿಡಿದ ಮಸಿ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗಬೇಕು. ಆಗ ಕೆಂಡ ಎಳೆದು, ಬೂದಿ ಗುಡಿಸಿ, ರೊಟ್ಟಿ ಇಡಬೇಕು. ಒಮ್ಮೆ ಕಾದರೆ ಆಮೇಲೆ ಬಂದವರಿಗೆ ಒಂದು ಹಿಡಿ ಕಡ್ಡಿ ಸಾಕು. ಮೊದಲು ಬಂದವಳಿಗೆ ಮಾತ್ರ ಹೊರೆಗೆ ಹೊರೆಯೇ ಹೋಗುತ್ತದೆ.

ಆ ಮೊದಲ ಹೊರೆ ಯಾವಾಗಲೂ ಬೀರಮ್ಮ ಎಂಬವಳದಾಗಿತ್ತು. ಅವಳು ವಿಧವೆ. ಮಕ್ಕಳಿರಲಿಲ್ಲ. ಗಂಡ ಇದ್ದಾಗ ಅವನೇ ಭಟ್ಟಿ ಹೊತ್ತಿಸುತ್ತಿದ್ದ. ಅವನು ಅಳಿವೆಯಲ್ಲಿ ಮುಳುಗಿ ಸತ್ತ ಮೇಲೆ ಅವಳು ಹೊತ್ತಿಸಿದಳು. ಏಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊಗೆ ನಿಂತದ್ದನ್ನು ನೋಡಿಕೊಂಡು ಹೆಂಗಸರು ಹಿಟ್ಟಿನ ಬೋಗುಣಿ ಹಿಡಿದು ಬರುತ್ತಿದ್ದರು. ಬೀರಮ್ಮನ ಕೈ ಬೆಂಕಿಗೆ ಒಗ್ಗಿದೆ ಎಂದು ಹೊಗಳುತ್ತಿದ್ದರು.

ಒಂದು ಬೇಸಿಗೆಯ ಕೊನೆಯಲ್ಲಿ ಬೀರಮ್ಮ ಗುಡ್ಡ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡಳು. ಎಲುಬು ಕೂಡಿತು, ಆದರೆ ಅದು ಮತ್ತೆ ಗುಡ್ಡ ಹತ್ತುವ ಕಾಲಾಗಲಿಲ್ಲ. ಅವಳು ಕೋಲೂರಿಕೊಂಡು ಕೇರಿಯ ಹಿರಿಯನ ಮನೆಗೆ ಹೋದಳು.

“ಅಣ್ಣಾ, ಈ ಸಲ ಬೇರೆ ಯಾರಾದರೂ ಮೊದಲು ಹೊತ್ತಿಸಲಿ. ನನ್ನದು ಎರಡೇ ರೊಟ್ಟಿ. ಎಲ್ಲರದೂ ಆದ ಮೇಲೆ ಇಟ್ಟುಕೊಳ್ಳುತ್ತೇನೆ.”

“ಅದಕ್ಕೇನು ತಂಗಿ, ಇಷ್ಟು ಮನೆಗಳಿವೆ. ಯಾರಾದರೂ ಹೊತ್ತಿಸುತ್ತಾರೆ,” ಎಂದನು ಹಿರಿಯ.

ರೊಟ್ಟಿಯ ದಿನ ಬಂದಿತು. ಎಲ್ಲ ಮನೆಗಳಲ್ಲೂ ಹಿಟ್ಟು ನಾದಿ ಹುದುಗಲು ಇಟ್ಟರು. ಬೀರಮ್ಮನ ಮನೆ ಬಿಟ್ಟು ಎಲ್ಲ ಮನೆಗಳ ಅಟ್ಟದಲ್ಲೂ ಸೌದೆ ಇತ್ತು. ಹೆಂಗಸರು ಬಾಗಿಲಲ್ಲಿ ಕುಳಿತು ಭಟ್ಟಿಯ ಕಡೆ ನೋಡಿದರು. ಹೊಗೆ ಏಳಲಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು ಎದ್ದು ಅಟ್ಟಕ್ಕೆ ಕೈ ಹಾಕಿದಳು. ಅತ್ತೆ ಆ ಕೈ ಹಿಡಿದಳು.

“ಇವತ್ತು ನೀನು ಹೊತ್ತಿಸಿದರೆ ಇನ್ನು ಜನ್ಮವಿಡೀ ನಮ್ಮ ತಲೆಗೇ ಕಟ್ಟುತ್ತಾರೆ. ಬೀರಮ್ಮನ ಗತಿ ನೋಡಿಲ್ಲವೇ?”

ಸೊಸೆ ಕುಳಿತುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಬೋಗುಣಿ ಮೀರಿ ಉಬ್ಬಿತು, ಸಂಜೆಗೆ ಕುಸಿದು ಹುಳಿಯಾಯಿತು. ಕೊನೆಗೆ ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ಮನೆಯ ಒಲೆಯ ಮೇಲೆ ಸುಟ್ಟರು. ಅಂದು ಮನೆಮನೆಗಳಲ್ಲಿ ಉರಿದ ಸೌದೆಯನ್ನು ಕೂಡಿಸಿದ್ದರೆ ಭಟ್ಟಿ ಎಷ್ಟೋ ವಾರ ಉರಿಯುತ್ತಿತ್ತು. ರೊಟ್ಟಿ ಮಾತ್ರ ಹಸಿಯಾಗಿಯೇ ಇತ್ತು. ಮಕ್ಕಳು ಹೊಟ್ಟೆನೋವೆಂದು ಅತ್ತವು.

ಮುಂದಿನ ವಾರವೂ ಹಾಗೆಯೇ ಆಯಿತು. ಜನರಿಗೆ ಸಿಟ್ಟು ಬಂದಿತು. ಅವರು ಒಬ್ಬರ ಮೇಲೊಬ್ಬರು ಸಿಟ್ಟಾಗಲಿಲ್ಲ, ಬೀರಮ್ಮನ ಮೇಲೆ ಸಿಟ್ಟಾದರು. ಅಭ್ಯಾಸ ಮಾಡಿಸಿದವಳು ಅವಳೇ, ನಡುವೆ ಕೈಬಿಟ್ಟವಳೂ ಅವಳೇ ಎಂದು ಅವಳಿಗೆ ಕೇಳುವಂತೆ ಆಡಿಕೊಂಡರು.

ಬೀರಮ್ಮನಿಗೆ ಕೇಳಿಸಿತು. ಅವಳ ಮನೆಯಲ್ಲಿ ಸೌದೆ ಇರಲಿಲ್ಲ. ಅವಳು ಗುಡಿಸಲಿನ ಬಾಗಿಲನ್ನು ಕಿತ್ತಳು. ಗಂಡ ಹಳೆಯ ದೋಣಿಯ ಹಲಗೆಗಳಿಂದ ಮಾಡಿದ್ದ ಬಾಗಿಲು ಅದು. ಕತ್ತಿಯಿಂದ ಅದನ್ನು ಸೀಳಿ, ತುಂಡುಗಳನ್ನು ಎಳೆದುಕೊಂಡು ಹೋಗಿ ಭಟ್ಟಿ ಹೊತ್ತಿಸಿದಳು.

ಹೊಗೆ ಕಂಡು ಕೇರಿಗೆ ಕೇರಿಯೇ ಸಮಾಧಾನಪಟ್ಟಿತು. ಇಟ್ಟಿಗೆ ಬೆಳ್ಳಗಾಯಿತು. ಕೆಂಡ ಎಳೆದು ಬೂದಿ ಗುಡಿಸುವಷ್ಟರಲ್ಲಿ ಬೀರಮ್ಮನ ಕಾಲು ಸೋತಿತು. ಅವಳು ಸ್ವಲ್ಪ ಹೊತ್ತು ಕುಳಿತಳು. ಏಳುವುದರೊಳಗೆ ಭಟ್ಟಿ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ರೊಟ್ಟಿ ಇಟ್ಟರು, ತೆಗೆದರು, ಬಿಸಿಬಿಸಿಯಾಗಿ ಹೊತ್ತುಕೊಂಡು ಹೋದರು. “ಸೌದೆ ಇಟ್ಟುಕೊಂಡೇ ಇಲ್ಲವೆನ್ನುತ್ತಿದ್ದಳು, ನೋಡಿದಿರಾ?” ಎಂದು ಯಾರೋ ಮೆಲ್ಲಗೆ ಹೇಳಿದರು. ಅವಳ ಸರದಿ ಬಂದಾಗ ಕಾವು ಇಳಿದಿತ್ತು. ಒಂದು ಹಿಡಿ ಕಡ್ಡಿ ಕೇಳಲು ಅವಳಿಗೆ ನಾಚಿಕೆಯಾಯಿತು. ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಅವಳು ಅರೆಬೆಂದ ರೊಟ್ಟಿ ತಿಂದಳು.

ಅದೇ ತಿಂಗಳು ಮಳೆ ಹಿಡಿಯಿತು. ಬಾಗಿಲಿಲ್ಲದ ಗುಡಿಸಲಿಗೆ ಕಡಲ ಗಾಳಿ ನೇರವಾಗಿ ನುಗ್ಗಿತು. ನೆಲ ನೆನೆಯಿತು, ಹಾಸಿಗೆ ನೆನೆಯಿತು. ಅವಳಿಗೊಂದು ತಟ್ಟಿಯನ್ನಾದರೂ ಕಟ್ಟಿಕೊಡಬೇಕೆಂದು ಆ ದಾರಿಯಲ್ಲಿ ಹೋದವರೆಲ್ಲ ಅಂದುಕೊಂಡರು. ಯಾರಾದರೂ ಕಟ್ಟಿಯಾರು ಎಂದು ಮುಂದೆ ನಡೆದರು. ಅವಳಿಗೆ ಜ್ವರ ಬಂದಿತು. ಆ ಸೊಸೆ ಒಂದು ಬೆಳಗ್ಗೆ ಅತ್ತೆಗೆ ತಿಳಿಯದಂತೆ ಗಂಜಿ ತೆಗೆದುಕೊಂಡು ಹೋದಾಗ ಬೀರಮ್ಮ ಸತ್ತುಹೋಗಿದ್ದಳು.

ಕೇರಿ ಅತ್ತಿತು. ಅದು ಸುಳ್ಳು ಅಳುವಲ್ಲ. ಚಿತೆಗೆ ಸೌದೆ ಬೇಕಾಯಿತು. ಹಿರಿಯ ಬಾಯಿ ತೆರೆಯುವ ಮೊದಲೇ ಎಲ್ಲರೂ ಅಟ್ಟದಿಂದ ಒಣಸೌದೆ ಇಳಿಸಿದರು. ಮನೆಗೊಂದು ಹೊರೆ ಬಂದಿತು. ಯಾರೂ ಪಕ್ಕದ ಮನೆಯತ್ತ ನೋಡುತ್ತ ಕಾಯಲಿಲ್ಲ. ಅಷ್ಟು ದೊಡ್ಡ ಚಿತೆಯನ್ನು ಆ ಕೇರಿ ಕಂಡಿರಲಿಲ್ಲ. ಮಳೆಯಲ್ಲೂ ಅದು ಚೆನ್ನಾಗಿ ಉರಿಯಿತು.

ಭಟ್ಟಿಯನ್ನು ಆಮೇಲೆ ಯಾರೂ ಹೊತ್ತಿಸಲಿಲ್ಲ. ಒಣಗಿಸುವ ಬೆಂಕಿಯಿಲ್ಲದೆ ಆ ಮಳೆಗಾಲದಲ್ಲೇ ಅದರ ಮಾಡು ಕುಸಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, “ತಿಳಿಯಿತು ಗುರುಗಳೇ. ರೊಟ್ಟಿ ಇಡುವ ಮುಂಚೆ ಭಟ್ಟಿ ಕಾಯಿಸಲೇಬೇಕು,” ಎಂದನು.

ಗುರುಗಳು ಹೇಳಿದರು: “ಅಷ್ಟು ಆ ಕೇರಿಯಲ್ಲಿ ಎಲ್ಲರಿಗೂ ತಿಳಿದಿತ್ತು.”