ಗೇಟಿನೊಳಗಿನ ಬೆಂಕಿ

ಹತ್ತಿ ಗಿರಣಿಯ ಗೋಡೆಗೆ ತಾಗಿಕೊಂಡು ಒಂದು ಗುಡಿಸಲು. ಗುಡಿಸಲಲ್ಲಿ ಸಂಕವ್ವ, ಅವಳ ಮಗ ದುಂಡಪ್ಪ. ಮಗನ ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಐದರಲ್ಲೇ ಕೂತಿತ್ತು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ರೊಟ್ಟಿ ಕೊಡುವವರು ಯಾರು ಅನ್ನೋದೊಂದೇ ಅವ್ವನ ಚಿಂತೆ. ಮ್ಯಾನೇಜರ್ ಇನಾಮದಾರರ ಕಾಲು ಹಿಡಿದು ಗಿರಣಿಯಲ್ಲಿ ಕೆಲಸ ಕೊಡಿಸಿದಳು. ಏನು ಕೆಲಸ ಅಂತೀರಿ? ಬೆಂಕಿ ಆರಿಸೋ ಕೆಂಪು ಸಿಲಿಂಡರು ಕಾಯೋ ಕೆಲಸ.

"ಹೊಗಿ ಕಂಡ್ರ ಸಾಕು ಮಗನ, ಪಿನ್ ಕಿತ್ತು ಒತ್ತಿಬಿಡು!" ಅಂತ ಅವ್ವ ಹೇಳಿಕೊಟ್ಟಳು.

"ಆತಬೇ!"

ಮರುದಿನ ಮ್ಯಾನೇಜರು ಗೇಟಿನ ಹತ್ತಿರ ನಿಂತು ಸಿಗರೇಟು ಹಚ್ಚಿದರು. ಹೊಗೆ ಕಂಡಿತು. ದುಂಡಪ್ಪ ಪಿನ್ ಕಿತ್ತ, ಒತ್ತಿದ. ಮೀಸೆಯಿಂದ ಬೂಟಿನ ತನಕ ಸಾಹೇಬರು ಬೆಳ್ಳಗಾದರು.

"ಖೋಡಿ!" ಅಂದಳು ಅವ್ವ. "ಸಾಹೇಬ್ರನ್ನ ಒಂದು ಮಾತು ಕೇಳಬಾರದೇನ? ಕೇಳಿ ಒತ್ತು!"

"ಆತಬೇ!"

ವಾರ ಕಳೆಯಿತು. ಎಲ್ಲರೂ ಊಟಕ್ಕೆ ಹೋದ ಹೊತ್ತಲ್ಲಿ ಹತ್ತಿ ರಾಶಿ ಹೊಗೆಯಾಡಿತು. ದುಂಡಪ್ಪ ಕೇಳಲು ಹೋದ. ಉಣ್ಣುವವರನ್ನು ಮಾತಾಡಿಸಬಾರದಲ್ಲ! ಕೈಕಟ್ಟಿ ನಿಂತ. ರೊಟ್ಟಿ ಮುಗಿಯಿತು, ಅನ್ನ ಮುಗಿಯಿತು, ಮಜ್ಜಿಗೆ ಮುಗಿಯಿತು.

"ಸಾಹೇಬ್ರ, ಹತ್ತಿಗೆ ಬೆಂಕಿ ಬಿದ್ದೈತ್ರಿ. ಒತ್ತಲೇನ್ರಿ?"

ಅಷ್ಟರಲ್ಲಿ ರಾಶಿಯೂ ಮುಗಿದಿತ್ತು.

"ಬೆಂಕಿ ಎಲ್ಲೇ ಕಾಣಲಿ, ಯಾರನ್ನೂ ಕೇಳಬ್ಯಾಡ, ಓಡು!" ಅಂತ ಅವ್ವ ಹಣೆ ಚಚ್ಚಿಕೊಂಡಳು.

"ಆತಬೇ!"

ಓಡಿದ. ಸಿಲಿಂಡರು ಹೊತ್ತು ಗೇಟು ದಾಟಿ ಓಡಿದ. ರಸ್ತೆಯಾಚೆ ಭಜಿ ಅಂಗಡಿಯ ಒಲೆ ಧಗಧಗ ಉರಿಯುತ್ತಿತ್ತು. ಬುಸ್ಸ್! ಒಲೆ ಆರಿತು, ಬಾಣಲೆ ತುಂಬ ಮಿರ್ಚಿ ಭಜಿ ಮಣ್ಣುಪಾಲಾಯಿತು.

"ಇನ್ನೊಂದು ತಪ್ಪಾದ್ರ ಕೆಲಸ ಹೋತು!" ಅಂದರು ಮ್ಯಾನೇಜರು.

ಸಂಕವ್ವ ಮಗನ ಕೈಯನ್ನು ತನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದಳು. "ಸಿಲಿಂಡರು ಗೇಟಿನೊಳಗಿನ ಬೆಂಕಿಗಷ್ಟ! ಗೇಟು ದಾಟಿಸಿದ್ರ ನಾ ಸತ್ತಂಗ!"

ಆ ಮಾತು ಆಡಬಾರದಿತ್ತು. ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಳೋ, ಪಾಪ.

ಅವಳು ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಒಲೆಯ ಕೆಂಡ ಸಿಡಿದು ಗುಡಿಸಲಿಗೇ ಬೆಂಕಿ ಹತ್ತಿತು. ದುಂಡಪ್ಪ ಸಿಲಿಂಡರು ಹೊತ್ತು ಓಡಿಬಂದ. ಗೇಟಿನಲ್ಲಿ ನಿಂತುಬಿಟ್ಟ. ಗುಡಿಸಲು ಹತ್ತೇ ಹೆಜ್ಜೆ, ಆದರೆ ಗೇಟಿನಾಚೆ! ಮನೆ ಉಳಿಯಬೇಕು, ಅವ್ವ ಸಾಯಬಾರದು. ಗಳಗಳ ಅತ್ತ.

ಕಡೆಗೆ ಸಿಲಿಂಡರನ್ನು ಗೇಟಿನೊಳಗೇ ಇಳಿಸಿದ. ಬರಿಗೈಯಲ್ಲಿ ಓಡಿ, ಉರಿಯುವ ಮಾಡಿನ ಗಳ ಎಳೆದು ಒಳಗೆ ತಂದ. ಬುಸ್ಸ್! ಬಾಗಿಲು ತಂದ. ಬುಸ್ಸ್! ಅವ್ವ ಮಲಗುವ ಹೊರಸು ತಂದ. ಬುಸ್ಸ್!

ಸಂಕವ್ವ ಬಂದಾಗ ಗೋಡೆಯ ಪಕ್ಕ ಬರೀ ಬೂದಿ. ಗೇಟಿನೊಳಗೆ ಕರಕಲು ಗುಡ್ಡೆ, ಅದರ ಪಕ್ಕ ಮಗ. ಎರಡೂ ಅಂಗೈ ತುಂಬ ಬೊಬ್ಬೆ.

"ಯವ್ವಾ, ಮನೀನೆಲ್ಲ ಒಳಗ ತಂದು ಆರಿಸೇನಿ! ಸಿಲಿಂಡರು ಗೇಟು ದಾಟಿಲ್ಲಬೇ! ನೀ ಸಾಯೂದಿಲ್ಲ!"

ಸಂಕವ್ವ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಹೇಳಿದರೆ ಮಾಡಿಬಿಡುತ್ತಾನಲ್ಲ.